ಹಳೇ ರಿಜೆಕ್ಷನ್ ಇದೆ, ಈಗ ವರ್ಕ್ ಪರ್ಮಿಟ್. ಫಾರಂನಲ್ಲಿ ‘ಇಲ್ಲ’ ಅಂತ ಹಾಕು ಅಂತಾರೆ ಏಜೆಂಟ್

ಚೇರಂಬಾಣೆ_ಒಗ್ಗರಣೆ
ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಕರೆಂಟ್ ಇಲ್ಲ. ಟವರ್ ಬಂದರೆ ಬಂತು, ಇಲ್ಲಾಂದ್ರೆ ಇಲ್ಲ. ಮನೆ ಹಿಂದಿನ ಗುಡ್ಡ ಹತ್ತಿ, ಕೊಡೆ ಹಿಡ್ಕೊಂಡು ಟೈಪ್ ಮಾಡ್ತಿದ್ದೇನೆ. ಉತ್ತರ ತಡವಾದರೆ ಬೇಜಾರು ಮಾಡ್ಕೋಬೇಡಿ.

2023ರಲ್ಲಿ ಕೆನಡಾಕ್ಕೆ ಸ್ಟಡಿ ಪರ್ಮಿಟ್ ಹಾಕಿದ್ದೆ. ಅಡುಗೆ ಡಿಪ್ಲೊಮಾ. ರಿಜೆಕ್ಟ್ ಆಯ್ತು. ಓದು ಮುಗಿದ ಮೇಲೆ ನೀನು ವಾಪಸ್ ಹೋಗ್ತೀಯ ಅಂತ ನಮಗೆ ನಂಬಿಕೆ ಬಂದಿಲ್ಲ ಅಂತ ಪತ್ರ ಬಂತು. ಅಷ್ಟಕ್ಕೇ ಬಿಟ್ಟೆ. ಆಮೇಲೆ ಆರು ತಿಂಗಳು ಒಂದು ಹೋಂಸ್ಟೇಯಲ್ಲಿದ್ದೆ. ಈಗ ಎರಡು ವರ್ಷದಿಂದ ಮಡಿಕೇರಿ ಹತ್ತಿರದ ಒಂದು ರೆಸಾರ್ಟ್ ಅಡುಗೆಮನೆಯಲ್ಲಿದ್ದೇನೆ.

ಈಗ ಅದೇ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಒಂದು ಸಣ್ಣ ಊರಿನ ರೆಸ್ಟೋರೆಂಟ್‌ನಿಂದ ಕುಕ್ ಕೆಲಸಕ್ಕೆ ಆಫರ್ ಬಂದಿದೆ. ಮಾಲೀಕರು ವಿಡಿಯೋ ಕಾಲ್‌ನಲ್ಲಿ ಮಾತಾಡಿದರು, ಈರುಳ್ಳಿ ಹೆಚ್ಚಿಸಿ ಕೂಡ ನೋಡಿದರು. ಎಲ್‌ಎಂಐಎ (ಹೊರಗಿನವರನ್ನು ಕೆಲಸಕ್ಕೆ ಕರೆಸೋಕೆ ಅಲ್ಲಿನ ಸರ್ಕಾರದ ಒಪ್ಪಿಗೆ) ಆಗಿದೆಯಂತೆ. ಎಲ್ಲ ಸರಿ ಇದೆ ಅನ್ನಿಸಿತ್ತು. ನಿನ್ನೆ ಏಜೆಂಟ್ ಫಾರಂ ತುಂಬಿಸುವಾಗ ‘ಯಾವುದಾದರೂ ದೇಶ ನಿಮಗೆ ವೀಸಾ ಅಥವಾ ಪರ್ಮಿಟ್ ನಿರಾಕರಿಸಿದೆಯಾ’ ಅನ್ನೋ ಪ್ರಶ್ನೆ ಬಂತು. ನಾನು ಹೌದು ಅಂದೆ. ಅವರು ನಕ್ಕು ‘ಇಲ್ಲ ಅಂತ ಹಾಕು. ಸ್ಟಡಿ ಬೇರೆ, ವರ್ಕ್ ಬೇರೆ. ನಿನ್ನ ಪಾಸ್‌ಪೋರ್ಟ್‌ನಲ್ಲಿ ಸೀಲೇ ಬಿದ್ದಿಲ್ಲ, ಯಾರಿಗೆ ಗೊತ್ತಾಗುತ್ತೆ’ ಅಂದರು. ಸೀಲ್ ಬಿದ್ದಿಲ್ಲ ಅನ್ನೋದು ನಿಜ. ಆಗ ಎಲ್ಲ ಆನ್‌ಲೈನ್, ಪಾಸ್‌ಪೋರ್ಟ್ ಕೊಟ್ಟೇ ಇರಲಿಲ್ಲ. ಬೆಂಗಳೂರಿಗೆ ಹೋಗಿ ಬೆರಳಚ್ಚು ಮಾತ್ರ ಕೊಟ್ಟಿದ್ದೆ.

ಹೌದು ಅಂತ ಹಾಕಿದರೆ ಮತ್ತೆ ರಿಜೆಕ್ಟ್ ಆಗುತ್ತಾ? ವೀಸಾ ಸಿಕ್ಕರೂ ಅಲ್ಲಿ ಏರ್‌ಪೋರ್ಟ್‌ನಲ್ಲಿ ಹಳೇದನ್ನು ಕೆದಕಿ ವಾಪಸ್ ಕಳಿಸ್ತಾರಾ? ಅಪ್ಪ ಸೊಸೈಟಿಯಲ್ಲಿ ಸಾಲಕ್ಕೆ ಓಡಾಡ್ತಿದ್ದಾರೆ. ತಲೆ ಕೆಟ್ಟು ಹೋಗಿದೆ.

ಒಂಟಿ_ಸಲಗ
ಬೆರಳಚ್ಚು ಕೊಟ್ಟಿದ್ದೀಯ, ಇನ್ನೂ ಯಾರಿಗೆ ಗೊತ್ತಾಗುತ್ತೆ ಅಂತ ಕೇಳ್ತೀಯಾ ಮಾರಾಯ?

ಫಾರಂ_ಓದುವವ
ಏಜೆಂಟ್ ಹೇಳಿದ್ದು ಪೂರ್ತಿ ತಪ್ಪು. ನಿಧಾನವಾಗಿ ಓದಿ.

ಆ ಪ್ರಶ್ನೆ ವೀಸಾ ಯಾವ ಥರದ್ದು ಅಂತ ಕೇಳೋದಿಲ್ಲ. ಕೆನಡಾ ಆಗಲಿ ಬೇರೆ ದೇಶ ಆಗಲಿ, ಯಾವತ್ತಾದರೂ ವೀಸಾ ಅಥವಾ ಪರ್ಮಿಟ್ ಕೊಡದೆ ಇದ್ದಿದ್ದು, ಬಾಗಿಲಿಂದ ವಾಪಸ್ ಕಳಿಸಿದ್ದು, ದೇಶ ಬಿಡು ಅಂತ ಹೇಳಿದ್ದು, ಎಲ್ಲವೂ ಅದರೊಳಗೆ ಬರುತ್ತವೆ. ನಿಮ್ಮ 2023ರ ಅರ್ಜಿ, ಅದರ ಪತ್ರ, ಅಧಿಕಾರಿಯ ಟಿಪ್ಪಣಿ ಎಲ್ಲ ಅವರದೇ ಕಂಪ್ಯೂಟರ್‌ನಲ್ಲಿದೆ. ಕೆನಡಾದ ಬೆರಳಚ್ಚು 10 ವರ್ಷ ಚಾಲ್ತಿಯಲ್ಲಿರುತ್ತದೆ. ಅಂದ್ರೆ ನಿಮ್ಮದು 2033ರವರೆಗೆ ಇದೆ. ನೀವು ಈಗ ‘ಇಲ್ಲ’ ಅಂದರೆ, ಅವರೇ ಬರೆದು ಕಳಿಸಿದ ಪತ್ರ ಬಂದಿಲ್ಲ ಅಂತ ಅವರಿಗೇ ಹೇಳಿದ ಹಾಗೆ.

ಕೆನಡಾದ ವಲಸೆ ಕಾನೂನಿನ 40ನೇ ಸೆಕ್ಷನ್ ಇರುವುದೇ ಇದಕ್ಕೆ. ಸುಳ್ಳು ಹೇಳಿದ್ದು ಸಾಬೀತಾದರೆ 5 ವರ್ಷ ಆ ದೇಶಕ್ಕೆ ಕಾಲಿಡುವ ಹಾಗಿಲ್ಲ. ವಿಸಿಟರ್, ಸ್ಟಡಿ, ವರ್ಕ್, ಪಿಆರ್ (ಕಾಯಂ ವಾಸ) ಎಲ್ಲ ಬಂದ್. ರಿಜೆಕ್ಷನ್‌ಗೆ ಅಂಥ ಶಿಕ್ಷೆ ಏನೂ ಇಲ್ಲ. ಮಾರನೇ ದಿನವೇ ಮತ್ತೆ ಅರ್ಜಿ ಹಾಕಬಹುದು. ಹಳೇ ರಿಜೆಕ್ಷನ್ ಗಾಯದ ಕಲೆ ಅಷ್ಟೇ. ಅದನ್ನು ಮುಚ್ಚೋಕೆ ಹೋಗಿ ಹೊಸ ಗಾಯ ಮಾಡ್ಕೋಬೇಡಿ.

ಗೋಣಿಕೊಪ್ಪ_ಎಕ್ಸ್‌ಪ್ರೆಸ್
ಸುಮ್ನೆ ಹೆದರಿಸಬೇಡಿ. ನನ್ನ ಫ್ರೆಂಡ್ ‘ಇಲ್ಲ’ ಅಂತಲೇ ಹಾಕಿದ. ವೀಸಾ ಬಂತು, ಹೋದ, ಈಗ ಲಾರಿ ಓಡಿಸ್ತಿದ್ದಾನೆ. ಏನೂ ಆಗಿಲ್ಲ.

ಫಾರಂ_ಓದುವವ
ಏನೂ ಆಗಿಲ್ಲ ಅಲ್ಲ ಸಾರ್, *ಇನ್ನೂ* ಆಗಿಲ್ಲ. ಪರ್ಮಿಟ್ ಮುಂದುವರಿಸೋಕೆ ಒಂದು ಫಾರಂ, ಪಿಆರ್‌ಗೆ ಒಂದು, ಸಿಟಿಜನ್‌ಶಿಪ್‌ಗೆ ಇನ್ನೊಂದು. ಪ್ರತಿ ಸಲ ಹಳೇದನ್ನು ತೆಗೆದು ನೋಡಬಹುದು. ನಿಮ್ಮ ಫ್ರೆಂಡ್ ಪ್ರತಿ ಸಲವೂ ಅದೇ ಸುಳ್ಳನ್ನು ನೆನಪಿಟ್ಟುಕೊಂಡಿರಬೇಕು.

ಗೋಣಿಕೊಪ್ಪ_ಎಕ್ಸ್‌ಪ್ರೆಸ್
ನೀವೇನು ಕೆನಡಾ ಸರ್ಕಾರದ ಅಳಿಯನಾ?

ಫಾರಂ_ಓದುವವ
ಅಲ್ಲ. ಎರಡು ಸಲ ರಿಜೆಕ್ಟ್ ಆಗಿ ಮೂರನೇ ಸಲ ಒಳಗೆ ಹೋದವನು.

ಮಾಕುಟ್ಟ_ಚೆಕ್‌ಪೋಸ್ಟ್
ಬಾರ್ಡರ್ ಅಂದ್ರೆ ನನಗೆ ಗೊತ್ತಿರೋದು ಕೇರಳ ಗಡಿಯ ಮಾಕುಟ್ಟ ಒಂದೇ. 2020ರಲ್ಲಿ ರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದರಲ್ಲ, ಆಗ ಆಚೆ ಕಡೆ ಇದ್ದ ಚಿಕ್ಕಮ್ಮನ ಮನೆಗೆ ಹೋಗೋದು ಕೆನಡಾಕ್ಕೆ ಹೋಗೋದಕ್ಕಿಂತ ಕಷ್ಟ ಆಗಿತ್ತು. 😄

ಅರಪಟ್ಟು_ಅಕ್ಕ
ತಮಾಷೆ ಇರಲಿ, ನಮ್ಮ ಮನೆಯಲ್ಲೇ ಆದದ್ದು ಹೇಳ್ತೇನೆ.

ನನ್ನ ಮೈದುನನಿಗೆ ಮೊದಲು ಅಮೆರಿಕದ ವಿಸಿಟರ್ ವೀಸಾ ಸಿಗಲಿಲ್ಲ. ಎರಡು ವರ್ಷ ಬಿಟ್ಟು ಕೆನಡಾಕ್ಕೆ ಹಾಕಿದ. ಏಜೆಂಟ್ ತನ್ನದೇ ಇಮೇಲ್, ತನ್ನದೇ ಖಾತೆ ಬಳಸಿ ಅರ್ಜಿ ಹಾಕಿದ. ಮೈದುನ ಕೊನೆಯ ಪುಟಕ್ಕೆ ಸಹಿ ಹಾಕಿ ಬಂದ, ಒಳಗೆ ಏನಿದೆ ಅಂತ ನೋಡಲೇ ಇಲ್ಲ. ಅಮೆರಿಕದ ವಿಷಯ ಅದರಲ್ಲಿ ಇರಲಿಲ್ಲ. ಕೆನಡಾ, ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದೂ ದೇಶ ವೀಸಾ ಮಾಹಿತಿಯನ್ನು ಒಬ್ಬರಿಗೊಬ್ಬರು ಹಂಚಿಕೊಳ್ತವೆ. ಅದು ನಮಗೆ ಗೊತ್ತಾಗಿದ್ದು ಆಮೇಲೆ.

ಕೆನಡಾದಿಂದ ಒಂದು ಪತ್ರ ಬಂತು. ನೀವು ವಿಷಯ ಮುಚ್ಚಿಟ್ಟಿದ್ದೀರಿ ಅಂತ ನಮಗೆ ಅನುಮಾನ ಇದೆ, ಇಷ್ಟು ದಿನದೊಳಗೆ ಉತ್ತರ ಕೊಡಿ ಅಂತ. ಪತ್ರ ಹೋಗಿದ್ದು ಏಜೆಂಟ್ ಇಮೇಲ್‌ಗೆ! ಅವನು ನಮಗೆ ಹೇಳಲೇ ಇಲ್ಲ. ಗಡುವು ದಾಟಿತು. 5 ವರ್ಷ ಬ್ಯಾನ್. ಏಜೆಂಟ್ ಮಾಡಿದ್ದು, ನನಗೆ ಗೊತ್ತಿರಲಿಲ್ಲ ಅಂದರೆ ಅವರು ಕೇಳೋದಿಲ್ಲ. ಸಹಿ ಯಾರದು? ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯ್ತು. ಈಗ ಆ ಹುಡುಗ ಸಂಜೆ ಹೊತ್ತು ಮೆಣಸಿನ ಬಳ್ಳಿ ಕಟ್ತಾ ಕೂತಿದ್ದಾನೆ, ಮಾತಾಡೋದಿಲ್ಲ.

ತಮ್ಮಾ, ಖಾತೆ ನಿನ್ನ ಹೆಸರಲ್ಲೇ ಇರಲಿ, ಇಮೇಲ್ ನಿನ್ನದೇ ಇರಲಿ. ಅರ್ಜಿಯ ಪೂರ್ತಿ ಕಾಪಿ ತಗೋ. ಕೊಡೋದಿಲ್ಲ ಅಂದರೆ ಎದ್ದು ಬಾ.

ಚೇರಂಬಾಣೆ_ಒಗ್ಗರಣೆ
ಅಕ್ಕ, ಓದಿ ಕೈಕಾಲು ತಣ್ಣಗಾಯ್ತು. ನನ್ನದರಲ್ಲೂ ಖಾತೆ ಏಜೆಂಟ್ ಮಾಡಿರೋದು. ಪಾಸ್‌ವರ್ಡ್ ನನ್ನ ಹತ್ತಿರ ಇಲ್ಲ.

ನಾಪೋಕ್ಲು_ಟು_ದೋಹಾ
ದುಡ್ಡು ಎಷ್ಟು ಹೇಳಿದ್ದಾರೆ ಮೊದಲು ಅದು ಹೇಳಿ.

ಚೇರಂಬಾಣೆ_ಒಗ್ಗರಣೆ
14 ಲಕ್ಷ. ಈಗ 3 ಕೊಡಬೇಕು, ವೀಸಾ ಬಂದ ಮೇಲೆ ಉಳಿದದ್ದು. ಎಲ್‌ಎಂಐಎ ಖರ್ಚೇ ಜಾಸ್ತಿ ಅಂತಾರೆ.

ನಾಪೋಕ್ಲು_ಟು_ದೋಹಾ
ಹದಿನಾಲ್ಕಾ! ಸುಮ್ನೆ ಕಿವಿಗೆ ಹೂ ಇಡ್ತಿದ್ದಾರೆ.

ನಾನು ಗಲ್ಫಿಗೆ ಬಂದು 11 ವರ್ಷ ಆಯ್ತು. ನಮ್ಮ ದೇಶದ ಎಮಿಗ್ರೇಷನ್ ಕಾನೂನು 1983ರದು. ಅದರ ಪ್ರಕಾರ ಲೈಸೆನ್ಸ್ ಇರೋ ರಿಕ್ರೂಟಿಂಗ್ ಏಜೆಂಟ್ ನಮ್ಮಿಂದ ತಗೋಬಹುದಾದ್ದು 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಲೈಸೆನ್ಸ್ ಇದೆಯಾ ಅಂತ ನಮ್ಮ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿದರೆ ಕಾಣುತ್ತೆ. ನಮ್ಮ ಊರಿನ ಹುಡುಗರಲ್ಲಿ ಅರ್ಧ ಜನ ಅದನ್ನು ನೋಡೋದೇ ಇಲ್ಲ. ಪರಿಚಯದವರು, ಮಸೀದಿ ಹತ್ತಿರದ ಅಂಗಡಿಯವರು ಅಂತ ನಂಬಿಬಿಡ್ತಾರೆ.

ಗಲ್ಫ್‌ನಲ್ಲಿ ಇನ್ನೊಂದು ಥರದ ರಿಜೆಕ್ಷನ್ ಇದೆ, ಮೆಡಿಕಲ್. ಆ ಪರೀಕ್ಷೆಯ ವ್ಯವಸ್ಥೆಗೆ ಮೊದಲು ಗಾಮ್ಕಾ ಅಂತಿದ್ದರು, ಈಗ ವಾಫಿದ್. ಒಂದು ದೇಶಕ್ಕೆ ಅಂತ ಮಾಡಿಸಿ ಅನ್‌ಫಿಟ್ ಬಂದರೆ ಉಳಿದ ಗಲ್ಫ್ ದೇಶಗಳಿಗೂ ಅದು ಕಾಣುತ್ತೆ. ನನ್ನ ರೂಮ್‌ಮೇಟ್‌ಗೆ ಎದೆ ಎಕ್ಸ್‌ರೇಯಲ್ಲಿ ಹಳೇ ಕಲೆ ಬಂದು ಸೌದಿ ತಪ್ಪಿತು, ಕುವೈತ್ ಕೂಡ ತಪ್ಪಿತು. ಅವನೂ ಬೇರೆ ಊರಲ್ಲಿ ಮಾಡಿಸಿದರೆ ಗೊತ್ತಾಗಲ್ಲ ಅಂತಲೇ ಹೋಗಿದ್ದ.

ಫಾರಂ_ಓದುವವ
ದೋಹಾದ ಇಕ್ಕ (ಅಣ್ಣ) ಹೇಳಿದ್ದು ಸರಿ. ಕೆನಡಾ ಕಡೆಯದನ್ನು ನಾನು ಸೇರಿಸ್ತೇನೆ.

ಎಲ್‌ಎಂಐಎ ಅಂದ್ರೆ, ಈ ಕೆಲಸಕ್ಕೆ ಇಲ್ಲಿಯವರು ಸಿಗಲಿಲ್ಲ, ಹೊರಗಿಂದ ಕರೆಸಿಕೊಳ್ಳಿ ಅಂತ ಅಲ್ಲಿನ ಸರ್ಕಾರ ಮಾಲೀಕನಿಗೆ ಕೊಡೋ ಒಪ್ಪಿಗೆ. ಅದರ ಫೀಸು 1,000 ಕೆನಡಾ ಡಾಲರ್. ಕಟ್ಟಬೇಕಾದವನು ಮಾಲೀಕ. ಅದನ್ನು ಕೆಲಸಗಾರನಿಂದ ವಸೂಲಿ ಮಾಡೋ ಹಾಗೇ ಇಲ್ಲ. ನೀವು ಕಟ್ಟಬೇಕಾದ್ದು ವರ್ಕ್ ಪರ್ಮಿಟ್‌ಗೆ 155 ಡಾಲರ್, ಬೆರಳಚ್ಚು ಬೇಕಾದರೆ 85. ಮೆಡಿಕಲ್, ಪೊಲೀಸ್ ಕ್ಲಿಯರೆನ್ಸ್, ಟಿಕೆಟ್ ಬೇರೆ. ಇದಕ್ಕೆ 14 ಲಕ್ಷ ಎಲ್ಲಿಂದ ಬಂತು?

ದುಡ್ಡು ಪಡೆದು ಕೆನಡಾ ವಲಸೆ ಸಲಹೆ ಕೊಡುವವರು ಅಲ್ಲಿನ ಕಾಲೇಜ್ ಅನ್ನೋ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಿರಬೇಕು, ಇಲ್ಲಾ ವಕೀಲರಾಗಿರಬೇಕು. ನೋಂದಾಯಿಸಿದವರ ಪಟ್ಟಿ ಆನ್‌ಲೈನ್‌ನಲ್ಲಿ ಎಲ್ಲರಿಗೂ ಸಿಗುತ್ತೆ. ಎಲ್‌ಎಂಐಎ ಸಿಕ್ಕ ಮಾಲೀಕರ ಹೆಸರನ್ನೂ ಅಲ್ಲಿನ ಸರ್ಕಾರ ಮೂರು ತಿಂಗಳಿಗೊಮ್ಮೆ ಹೊರಗೆ ಹಾಕುತ್ತೆ. ಎರಡನ್ನೂ ಇವತ್ತೇ ನೋಡಿ. ಗುಡ್ಡ ಹತ್ತಿದ್ದು ವ್ಯರ್ಥ ಆಗದಿರಲಿ.

ತೋಟದ_ಮನೆ
ಒಂದು ಮಾತು ಕೇಳ್ತೇನೆ, ಬೇಜಾರಾಗಬೇಡಿ. ಈಗ ಕಾಫಿಗೆ ಒಳ್ಳೇ ರೇಟ್ ಬಂದಿದೆ. ಅಸ್ಸಾಂನಿಂದ ಜನ ಬಂದು ನಮ್ಮ ತೋಟದ ಲೈನ್ ಮನೆಯಲ್ಲಿದ್ದು ಕಾಫಿ ಕುಯ್ತಾರೆ. ನಮ್ಮ ಹುಡುಗರು ಮಂಜಲ್ಲಿ ಹೋಗಿ ಪಾತ್ರೆ ತೊಳೀತಾರೆ. ಇದೇನು ಲೆಕ್ಕ?

ಒಂಟಿ_ಸಲಗ
ತೋಟ ಇರೋರ ಲೆಕ್ಕ ಬೇರೆ ಅಣ್ಣ. ನಮಗೆ ಒಕ್ಕದಲ್ಲಿ (ಮನೆತನದಲ್ಲಿ) ಹಂಚಿಕೆ ಆದರೆ ಬರೋದು ಮುಕ್ಕಾಲು ಎಕರೆ. ಅದರಲ್ಲೂ ಅರ್ಧ ಆನೆಗೆ.

ತೋಟದ_ಮನೆ
ಆನೆ ವಿಷಯ ಎತ್ತಬೇಡ, ನಿನ್ನೆ ರಾತ್ರಿ ಕೂಡ ಬಾಳೆಗೆ ಬಂದಿತ್ತು.

ನಿರ್ವಾಹಕ
ಆನೆಗೆ ಬೇರೆ ಚರ್ಚೆ ಇದೆ. ಇಲ್ಲಿ ವೀಸಾ ಮಾತ್ರ.

ಚೆನ್ನೈ_ಕ್ಯೂ
ಅಮೆರಿಕ ಕಡೆಯ ಅನುಭವ ಹೇಳ್ತೇನೆ. ತತ್ವ ಒಂದೇ, ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ.

2019ರಲ್ಲಿ ಅಣ್ಣನ ಮಗುವಿನ ನಾಮಕರಣಕ್ಕೆ ಬಿ1/ಬಿ2 ವಿಸಿಟರ್ ವೀಸಾ ಹಾಕಿದ್ದೆ. ಕಿಟಕಿ ಹತ್ತಿರ ನಿಂತದ್ದು ಎರಡು ನಿಮಿಷ ಇರಬಹುದು. 214(ಬಿ) ಅಂತ ಕಾಗದ ಕೈಗೆ ಕೊಟ್ಟರು. ನೀನು ವಾಪಸ್ ಬರ್ತೀಯ ಅಂತ ನನಗೆ ಒಪ್ಪಿಗೆ ಆಗಿಲ್ಲ ಅಂತ ಅದರ ಅರ್ಥ. ವಿಸಿಟರ್ ವೀಸಾಕ್ಕೆ ಬಂದವನು ಅಲ್ಲೇ ಉಳಿಯೋಕೆ ಬಂದಿದ್ದಾನೆ ಅಂತಲೇ ಅವರ ಕಾನೂನು ಅಂದುಕೊಳ್ಳುತ್ತೆ. ಅಲ್ಲ ಅಂತ ತೋರಿಸಬೇಕಾದವರು ನಾವು. ಎಚ್-1ಬಿ ಕೆಲಸದ ವೀಸಾಕ್ಕೆ ಆ ಅನುಮಾನ ಅನ್ವಯಿಸೋದಿಲ್ಲ. ಹಾಗಾಗಿ 2022ರಲ್ಲಿ ಕಂಪನಿ ಎಚ್-1ಬಿ ಹಾಕಿದಾಗ ಹಳೇ ರಿಜೆಕ್ಷನ್ ಅಡ್ಡ ಬರಲಿಲ್ಲ. ಕೆನಡಾದ ವರ್ಕ್ ಪರ್ಮಿಟ್‌ನಲ್ಲಿ ಹಾಗಿಲ್ಲ. ಅಲ್ಲಿ ಅವಧಿ ಮುಗಿದ ಮೇಲೆ ಹೊರಡ್ತೀಯಾ ಅನ್ನೋದನ್ನೂ ನೋಡ್ತಾರೆ.

ಡಿಎಸ್-160 ಫಾರಂನಲ್ಲಿ ‘ಹೌದು’ ಅಂತ ಹಾಕಿ ಎರಡು ಸಾಲು ಬರೆದೆ. ಯಾವ ತಿಂಗಳು, ಯಾವ ವೀಸಾ, ಯಾವ ಸೆಕ್ಷನ್. ಅಷ್ಟೇ. ಕಥೆ ಬರೀಲಿಲ್ಲ. ಸಂದರ್ಶನದಲ್ಲಿ ಆ ಮೇಡಂ ‘ಮಗುವಿಗೆ ಈಗ ಎಷ್ಟು ವಯಸ್ಸು’ ಅಂತ ಕೇಳಿ ನಕ್ಕರು. ವೀಸಾ ಕೊಟ್ಟರು.

ಅಲ್ಲಿ ಇಳಿದ ಮೇಲೆ ಮಾತ್ರ ಸ್ವಲ್ಪ ಎದೆ ಹೊಡೆದುಕೊಂಡಿತು. ಕೌಂಟರ್‌ನಿಂದ ಎಬ್ಬಿಸಿ ಪಕ್ಕದ ಕೋಣೆಗೆ ಕಳಿಸಿದರು. ಸೆಕೆಂಡರಿ ಅಂತಾರೆ. ಮೊಬೈಲ್ ಮುಟ್ಟೋ ಹಾಗಿಲ್ಲ. ಮುಕ್ಕಾಲು ಗಂಟೆ ಸುಮ್ನೆ ಕೂತೆ. ಕರೆದು ಕೇಳಿದ್ದು ಮೂರೇ ಪ್ರಶ್ನೆ. ಯಾವ ಕಂಪನಿ, ಸಂಬಳ ಎಷ್ಟು, ಎಲ್ಲಿ ಇರ್ತೀಯ. ಫಾರಂನಲ್ಲಿ ಇರೋದನ್ನೇ ಬಾಯಲ್ಲೂ ಹೇಳಿದೆ. ಬಿಟ್ಟರು. ವೀಸಾ ಇದ್ದ ಮಾತ್ರಕ್ಕೆ ಒಳಗೆ ಬಿಡಲೇಬೇಕು ಅಂತಿಲ್ಲ, ಕೊನೆ ಮಾತು ಬಾಗಿಲಲ್ಲಿ ಕೂತವರದು. ಆದರೆ ಅವರು ನೋಡೋದು ಕಾಗದ ಮತ್ತು ಬಾಯಿ ಎರಡೂ ಒಂದೇ ಹೇಳ್ತಿದೆಯಾ ಅಂತ.

ಇನ್ನೊಂದು. ನನ್ನ ಪಾಸ್‌ಪೋರ್ಟ್ ಬೇಗ ಮುಗಿಯೋದಿತ್ತು. ಐ-94ನಲ್ಲಿ (ಎಷ್ಟು ದಿನ ಇರಬಹುದು ಅಂತ ಒಳಗೆ ಬಿಡುವಾಗ ಮಾಡೋ ದಾಖಲೆ) ನನಗೆ ಕೊಟ್ಟ ಅವಧಿ ಪಾಸ್‌ಪೋರ್ಟ್ ಮುಗಿಯೋ ದಿನದವರೆಗೆ ಮಾತ್ರ! ವೀಸಾ ಮೇಲೆ ಮೂರು ವರ್ಷ ಇದ್ದದ್ದು ನೋಡಿ ಮೈಮರೆತಿದ್ದೆ.

ಫಾರಂ_ಓದುವವ
ಕೆನಡಾದಲ್ಲೂ ಅದೇ. ಪಾಸ್‌ಪೋರ್ಟ್ ಮುಗಿಯೋ ದಿನ ದಾಟಿ ವರ್ಕ್ ಪರ್ಮಿಟ್ ಕೊಡೋದಿಲ್ಲ. ಒಗ್ಗರಣೆಯವರೇ, ನಿಮ್ಮದು ಯಾವಾಗ ಮುಗಿಯುತ್ತೆ?

ಚೇರಂಬಾಣೆ_ಒಗ್ಗರಣೆ
ಮುಂದಿನ ವರ್ಷ. 😐

ಫಾರಂ_ಓದುವವ
ಮೊದಲು ರಿನ್ಯೂ ಮಾಡಿಸಿ, ಆಮೇಲೆ ಅರ್ಜಿ. ಹಳೇ ಪಾಸ್‌ಪೋರ್ಟ್ ಎಸೀಬೇಡಿ.

ಮೂರ್ನಾಡು_ಮೇಷ್ಟ್ರು
ಹುಡುಗ ಮೊದಲ ಸಲ ಯಾಕೆ ರಿಜೆಕ್ಟ್ ಆದ ಅಂತ ಯಾರೂ ಕೇಳಲಿಲ್ಲವಲ್ಲ. ಆಸ್ತಿ ಕಾಗದ ಏನು ಕೊಟ್ಟಿದ್ದೆ ಮಗಾ?

ಚೇರಂಬಾಣೆ_ಒಗ್ಗರಣೆ
ಆರ್‌ಟಿಸಿ ಕೊಟ್ಟಿದ್ದೆ ಮೇಷ್ಟ್ರೇ. ಜಮ್ಮಾ ಜಾಗ, ಅಂದ್ರೆ ಇಡೀ ಒಕ್ಕಕ್ಕೆ ಸೇರಿದ ಹಳೇ ಕಾಲದ ಭೂಮಿ. ಪಟ್ಟೇದಾರ (ಒಕ್ಕದ ಹಿರಿಯ) ಅಂತ ದೊಡ್ಡಜ್ಜನ ಹೆಸರಿದೆ. ಅವರು ತೀರಿ 20 ವರ್ಷ ಆಯ್ತು. ಕೆಳಗೆ ಹದಿನೇಳು ಜನರ ಹೆಸರು, ಅದರಲ್ಲಿ ಅಪ್ಪಂದು ಹನ್ನೆರಡನೇದು.

ಮೂರ್ನಾಡು_ಮೇಷ್ಟ್ರು
ಅದೇ ನೋಡು. ನನಗೆ ಅನುಮಾನ ಇತ್ತು. ನಮ್ಮ ಕೊಡಗು ಜಿಲ್ಲೆಯ ಈ ಕಾಗದ ಪಕ್ಕದ ಹಾಸನದವರಿಗೇ ಅರ್ಥ ಆಗಲ್ಲ, ಇನ್ನು ಎಲ್ಲೋ ಕೂತ ಕೆನಡಾ ಅಧಿಕಾರಿಗೆ ಹೇಗೆ ಅರ್ಥ ಆಗಬೇಕು? ಅವರ ಕಣ್ಣಿಗೆ ಇದು ತೀರಿಕೊಂಡ ಯಾರದೋ ಜಾಗ. ಹುಡುಗನಿಗೆ ಊರಲ್ಲಿ ಏನೂ ಇಲ್ಲ ಅಂತಲೇ ತಿಳ್ಕೊಂಡಿರ್ತಾರೆ.

ನಮ್ಮ ಅಳಿಯನಿಗೆ ಹಾಕುವಾಗ ನಾವು ಹೀಗೆ ಮಾಡಿದೆವು. ವಂಶವೃಕ್ಷ ಮಾಡಿಸಿ, ಮನೆಯವರ ಪಾಲು ಎಷ್ಟು ಅಂತ ಬರೆಸಿ, ನೋಟರಿ ಮಾಡಿಸಿ, ಇಂಗ್ಲಿಷ್ ಅನುವಾದ ಇಟ್ಟೆವು. ಜಮ್ಮಾ ಅಂದ್ರೆ ಏನು ಅಂತ ನಾಲ್ಕು ಸಾಲಿನ ವಿವರಣೆ. ಕಾಫಿ ಮಾರಿದ ಬಿಲ್ಲು, ದುಡ್ಡು ಬಂದ ಬ್ಯಾಂಕ್ ಪುಸ್ತಕ. ಇಷ್ಟು ಇಟ್ಟರೆ ಓದುವವನಿಗೆ ಕಣ್ಣಿಗೆ ಕಟ್ಟುತ್ತೆ.

ಫಾರಂ_ಓದುವವ
ಮೇಷ್ಟ್ರು ಹೇಳಿದ್ದು ಚಿನ್ನದಂಥ ಮಾತು. ಆದರೆ ಊಹೆ ಮೇಲೆ ಹೋಗಬೇಡಿ. ಹಳೇ ಅರ್ಜಿಯ ಮೇಲೆ ಅಧಿಕಾರಿ ಬರೆದ ಟಿಪ್ಪಣಿ ತರಿಸಿ. ಕೆನಡಾದಲ್ಲಿರೋ ಸಂಬಂಧಿಕರು ನಿಮ್ಮ ಒಪ್ಪಿಗೆ ಪತ್ರ ಇಟ್ಟು 5 ಡಾಲರ್‌ಗೆ ಅರ್ಜಿ ಹಾಕಬಹುದು. 2025ರ ಜುಲೈನಿಂದ ಕೆಲವು ರಿಜೆಕ್ಷನ್ ಪತ್ರಗಳ ಜೊತೆಗೇ ಟಿಪ್ಪಣಿ ಬರ್ತಿದೆ. ನಿಮ್ಮದು ಅದಕ್ಕೆ ಮುಂಚಿನದು, ಹಾಗಾಗಿ ಕೇಳಿಯೇ ತರಿಸಬೇಕು.

ಈ ಸಲ ಇನ್ನೊಂದು ಪ್ರಶ್ನೆಯೂ ಇರುತ್ತೆ, ಈ ಕೆಲಸ ನಿಮಗೆ ಬರುತ್ತಾ ಅಂತ. ಸಂಬಳದ ಚೀಟಿ, ಪಿಎಫ್ ಪುಸ್ತಕ, ಏನೇನು ಕೆಲಸ ಮಾಡ್ತೀರಿ ಅಂತ ರೆಸಾರ್ಟ್‌ನವರ ಪತ್ರ ಇದೆಯಾ?

ಚೇರಂಬಾಣೆ_ಒಗ್ಗರಣೆ
ರೆಸಾರ್ಟ್‌ನದು ಎಲ್ಲ ಇದೆ. ಹೋಂಸ್ಟೇಯ ಆರು ತಿಂಗಳು ಕೈಗೆ ಕ್ಯಾಷ್. ಚೀಟಿ ಇಲ್ಲ. ಏಜೆಂಟ್ ಅದಕ್ಕೆ ಮೂರು ವರ್ಷದ ಅನುಭವ ಪತ್ರ ಮಾಡಿಸಿ ಕೊಡ್ತೇನೆ ಅಂದಿದ್ದರು.

ಅರಪಟ್ಟು_ಅಕ್ಕ
ಎದ್ದು ಬಾ ತಮ್ಮಾ!!

ನರ್ಸಕ್ಕ_ಲೀಡ್ಸ್
ಅಯ್ಯೋ, ಆರು ತಿಂಗಳನ್ನು ಮೂರು ವರ್ಷ ಮಾಡೋ ಏಜೆಂಟಾ? ಹೋಂಸ್ಟೇಯವರ ಹತ್ತಿರ ನಿಜವಾದ ಒಂದು ಪತ್ರ ಬರೆಸು, ಕ್ಯಾಷ್ ಕೊಟ್ಟಿದ್ದೇವೆ ಅಂತಲೇ ಇರಲಿ. ಇಲ್ಲಾಂದ್ರೆ ಬಿಟ್ಟುಬಿಡು. ಎರಡು ವರ್ಷದ ಗಟ್ಟಿ ದಾಖಲೆ ಸಾಕು.

ನಾನು ಇಂಗ್ಲೆಂಡ್‌ಗೆ ನರ್ಸ್ ಆಗಿ ಬಂದವಳು. ಮೊದಲು ಅಕ್ಕನ ಬಾಣಂತನಕ್ಕೆ ವಿಸಿಟರ್ ಹಾಕಿ ರಿಜೆಕ್ಟ್ ಆಗಿತ್ತು. ಆಮೇಲೆ ಓಇಟಿ (ಇಂಗ್ಲಿಷ್ ಪರೀಕ್ಷೆ) ಬರೆದು, ಸಿಬಿಟಿ (ನರ್ಸಿಂಗ್ ಪರೀಕ್ಷೆ) ಪಾಸಾಗಿ, ಆಸ್ಪತ್ರೆಯವರು ಕಾಗದ ಕೊಟ್ಟು, ಹೆಲ್ತ್ ಆಂಡ್ ಕೇರ್ ವೀಸಾ ಹಾಕಿದೆ. ಇಲ್ಲೂ ಅದೇ ಪ್ರಶ್ನೆ, ಯಾವ ದೇಶ ಯಾವಾಗ ಬೇಡ ಅಂದಿತು ಅಂತ. ಎಲ್ಲ ಬರೆದೆ. ಮೂರು ವಾರದಲ್ಲಿ ಬಂತು. ಇಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದರೆ 10 ವರ್ಷ. ನಿಮ್ಮ ಕೆನಡಾದ ಡಬ್ಬಲ್!

ಅಂದಹಾಗೆ ಯಾರಾದರೂ ಕೇರ್ ವರ್ಕರ್ ವೀಸಾ ಅಂತ ಇಂಗ್ಲೆಂಡ್‌ಗೆ ದುಡ್ಡು ಕೇಳ್ತಿದ್ದರೆ ಕೊಡಬೇಡಿ. ಹೊರದೇಶದಿಂದ ಹೊಸಬರನ್ನು ಆ ಕೆಲಸಕ್ಕೆ ತಗೊಳ್ಳೋದು 2025ರ ಜುಲೈ 22ಕ್ಕೆ ನಿಂತಿದೆ. ಗೋಣಿಕೊಪ್ಪದಲ್ಲಿ ಈಗಲೂ ಒಬ್ಬರು ಆ ಹೆಸರಲ್ಲಿ ಅಡ್ವಾನ್ಸ್ ತಗೊಳ್ತಿದ್ದಾರಂತೆ.

ಕುಶಾಲನಗರ_ಸೊಸೆ
ನಡುವೆ ಬಂದು ಕೇಳ್ತಿದ್ದೇನೆ, ಕ್ಷಮಿಸಿ. ನನ್ನ ನಾದಿನಿಯದು ಇದೇ ಥರ. ಮದುವೆಗೆ ಮುಂಚೆ ಕೆನಡಾ ವಿಸಿಟರ್ ರಿಜೆಕ್ಟ್ ಆಗಿತ್ತು. ಮದುವೆ ಆದ ಮೇಲೆ ಗಂಡನ ಮನೆಪೆದ (ಮನೆತನದ ಹೆಸರು) ಸೇರಿಸಿ ಹೊಸ ಪಾಸ್‌ಪೋರ್ಟ್ ಮಾಡಿಸಿದ್ದಾಳೆ. ಹೆಸರೂ ಬೇರೆ, ನಂಬರೂ ಬೇರೆ. ಇವಳಿಗೂ ಹಳೇದು ಹೇಳಬೇಕಾ?

ಫಾರಂ_ಓದುವವ
ಹೇಳಬೇಕು. ಹಿಂದೆ ಯಾವ ಹೆಸರಿತ್ತು ಅಂತ ಫಾರಂ ಬೇರೆಯಾಗಿಯೇ ಕೇಳುತ್ತೆ. ಮನೆಪೆದ ಬದಲಾದರೆ ಬೆರಳು ಬದಲಾಗುತ್ತಾ?

ಕುಶಾಲನಗರ_ಸೊಸೆ
ಅವಳ ಗಂಡ ಒಪ್ಪೋದಿಲ್ಲ. ನೋಡೋಣ.

ಗೋಣಿಕೊಪ್ಪ_ಎಕ್ಸ್‌ಪ್ರೆಸ್
ರಿಜೆಕ್ಟ್ ಆದದ್ದು, ಡಿಪೋರ್ಟ್ ಆದದ್ದು ಎಲ್ಲ ಒಂದೇನಾ ಹಾಗಾದರೆ? ಎರಡಕ್ಕೂ ಫಾರಂನಲ್ಲಿ ಒಂದೇ ಟಿಕ್ ಇದೆಯಲ್ಲ.

ಫಾರಂ_ಓದುವವ
ಒಳ್ಳೇ ಪ್ರಶ್ನೆ, ಕೊನೆಗೂ. ಟಿಕ್ ಒಂದೇ, ಪರಿಣಾಮ ಬೇರೆ. ವೀಸಾ ಸಿಗದೆ ಇದ್ದಿದ್ದು ಮನೆಯಲ್ಲಿ ಕೂತಿದ್ದಾಗ ಬೇಡ ಅಂದದ್ದು. ಮತ್ತೆ ಹಾಕಬಹುದು. ಕೆನಡಾಕ್ಕೆ ಹೋಗಿ ಗಡೀಪಾರು ಆದೇಶ ಆಗಿದ್ದರೆ, ಮತ್ತೆ ಬರೋಕೆ ಎಷ್ಟೋ ಸಲ ಪ್ರತ್ಯೇಕ ಅನುಮತಿ ಬೇಕು. ಅದು ಏಜೆಂಟ್ ಕೆಲಸ ಅಲ್ಲ, ವಕೀಲರದು. ಇವರದು ಬರೀ ಮೊದಲನೇದು.

ಹವಾಲ್ದಾರ್_ತಾತ
ನಾನು 17 ವರ್ಷ ಸೇನೆಯಲ್ಲಿದ್ದವನು. ಮಗಳನ್ನು ನೋಡೋಕೆ ಹೋಗುವಾಗ ಫಾರಂನಲ್ಲಿ ಮಿಲಿಟರಿಯಲ್ಲಿದ್ದೆಯಾ ಅಂತ ಕೇಳಿದ್ದರು. ಯಾವ ರೆಜಿಮೆಂಟ್, ಎಲ್ಲೆಲ್ಲಿ ಪೋಸ್ಟಿಂಗ್ ಅಂತ ಎಲ್ಲ ಬರೆದೆ. ಆಗಲೂ ಒಬ್ಬ ಅತಿ ಬುದ್ಧಿವಂತ ‘ಇಲ್ಲ ಅಂತ ಹಾಕಿ ಅಂಕಲ್, ಸುಮ್ನೆ ತಲೆನೋವು’ ಅಂದಿದ್ದ. 17 ವರ್ಷ ಇಲ್ಲ ಅಂತ ಹೇಗೆ ಬರೆಯೋದು?

ಇನ್ನೊಂದು ಮಾತು. ಮನೆಯಲ್ಲಿ ಕೋವಿ ಇರೋರು ಬ್ಯಾಗಿನ ಎಲ್ಲ ಜೇಬು ಕೊಡವಿ ನೋಡಿ. ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆದ ದಿನ ಬಳಸಿದ ಬ್ಯಾಗನ್ನೇ ಏರ್‌ಪೋರ್ಟಿಗೆ ತಂದ ಪುಣ್ಯಾತ್ಮ ನಮ್ಮ ಬಂಧುಗಳಲ್ಲೇ ಇದ್ದಾನೆ. ಒಳಗಿದ್ದದ್ದು ಒಂದೇ ಒಂದು ತೋಟೆ (ಗುಂಡು). ವಿಮಾನ ಹೋಯ್ತು, ಅವನು ಪೊಲೀಸ್ ಸ್ಟೇಷನ್‌ನಲ್ಲಿದ್ದ. ಕೊಡವರ ಕೋವಿಗೆ ಇಲ್ಲಿ ಲೈಸೆನ್ಸ್ ಬೇಡ ಅನ್ನೋ ವಿನಾಯಿತಿ ಏರ್‌ಪೋರ್ಟ್‌ನಲ್ಲಿ ನಡೆಯೋದಿಲ್ಲ.

ಮಾಕುಟ್ಟ_ಚೆಕ್‌ಪೋಸ್ಟ್
ತಾತ, ಸೆಲ್ಯೂಟ್. ಪಂದಿ (ಹಂದಿಮಾಂಸದ) ಉಪ್ಪಿನಕಾಯಿ ಬಗ್ಗೆಯೂ ಹೇಳಿ.

ನರ್ಸಕ್ಕ_ಲೀಡ್ಸ್
ಮಾಂಸ ಇರೋ ಯಾವುದನ್ನೂ ತರಬೇಡಿ, ಉಪ್ಪಿನಕಾಯಿ ಆದರೂ. ಇಲ್ಲೂ ಇಲ್ಲ, ಕೆನಡಾದಲ್ಲೂ ಇಲ್ಲ. ಕಾಫಿ ಪುಡಿ, ಕಾಳುಮೆಣಸು ತರಬಹುದು. ತಿನ್ನೋ ಸಾಮಾನು ಏನೇ ಇದ್ದರೂ ಇದೆ ಅಂತ ಹೇಳಿಬಿಡಿ. ಹೇಳಿದರೆ ಹೆಚ್ಚಂದ್ರೆ ಕಸಕ್ಕೆ ಹೋಗುತ್ತೆ. ಹೇಳದೆ ಸಿಕ್ಕರೆ ದಂಡ.

ಚೇರಂಬಾಣೆ_ಒಗ್ಗರಣೆ
ಎಲ್ಲರಿಗೂ ಥ್ಯಾಂಕ್ಸ್. ನಾಳೆ ಮೈಸೂರಿಗೆ ಹೋಗಿ ಏಜೆಂಟ್ ಹತ್ತಿರ ನನ್ನ ಕಾಗದ ವಾಪಸ್ ಕೇಳ್ತೇನೆ. ಮಾಲೀಕರಿಗೆ ನೇರವಾಗಿ ಇಮೇಲ್ ಹಾಕ್ತೇನೆ. ಮಳೆ ಜೋರಾಯ್ತು, ಇಳೀತೇನೆ.

ಒಂಟಿ_ಸಲಗ
(ಎರಡು ತಿಂಗಳ ನಂತರ) ಒಗ್ಗರಣೆ ಏನಾಯ್ತು? ಸೀದು ಹೋಯ್ತಾ?

ಚೇರಂಬಾಣೆ_ಒಗ್ಗರಣೆ
ಇಲ್ಲ ಅಣ್ಣ, ಇದ್ದೇನೆ. ಏಜೆಂಟ್ ಕಾಗದ ಕೊಡೋಕೆ ಮೂರು ಸಲ ಓಡಾಡಿಸಿದರು. ಮಾಲೀಕರಿಗೆ ಇಮೇಲ್ ಹಾಕಿದೆ. ಅವರು ಪಂಜಾಬಿನವರು, ತಕ್ಷಣ ಫೋನ್ ಮಾಡಿಬಿಟ್ಟರು. ಎಲ್‌ಎಂಐಎ ಫೀಸು ಅವರೇ ಕಟ್ಟಿದ್ದಾರೆ. 14 ಲಕ್ಷದ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ‘ನಿನ್ನ ಹತ್ತಿರ ನಾನು ದುಡ್ಡು ಕೇಳಿದೆನಾ’ ಅಂತ ನನಗೇ ಬೈದರು!

ಹಳೇ ಟಿಪ್ಪಣಿ ಬಂತು. ಮೇಷ್ಟ್ರು ಹೇಳಿದ್ದೇ ಸರಿ. ಕುಟುಂಬದ ಆಸ್ತಿ ಅರ್ಜಿದಾರನದು ಅಥವಾ ತಂದೆಯದು ಅಂತ ಸ್ಪಷ್ಟ ಇಲ್ಲ ಅಂತ ಬರೆದಿದ್ದಾರೆ. ಪಾಸ್‌ಪೋರ್ಟ್ ರಿನ್ಯೂ ಆಯ್ತು. ನನ್ನದೇ ಖಾತೆಯಲ್ಲಿ ಅರ್ಜಿ ಹಾಕಿದೆ, ‘ಹೌದು’ ಅಂತ ಟಿಕ್ ಮಾಡಿ. ಒತ್ತುವಾಗ ಬೆರಳು ನಡುಗಿತು, ಸುಳ್ಳು ಹೇಳಲ್ಲ.

ಮೂರ್ನಾಡು_ಮೇಷ್ಟ್ರು
ಭೇಷ್.

ಗೋಣಿಕೊಪ್ಪ_ಎಕ್ಸ್‌ಪ್ರೆಸ್
ರಿಜೆಕ್ಟ್ ಆದರೆ ಇವರನ್ನೇ ಕೇಳು.

ಚೇರಂಬಾಣೆ_ಒಗ್ಗರಣೆ
(ಪುತ್ತರಿ ಸುಗ್ಗಿ ಹಬ್ಬ ಕಳೆದು ಒಂದು ವಾರ) ಬಂದು ತಲುಪಿದೆ. ಇಲ್ಲಿ ಮೈನಸ್ 22. ಮೂಗಿನೊಳಗಿನ ಕೂದಲು ಕೂಡ ಗಟ್ಟಿ ಆಗುತ್ತೆ ಅಂತ ಯಾರೂ ಹೇಳಿರಲಿಲ್ಲ.

ಏರ್‌ಪೋರ್ಟ್ ವಿಷಯ ಕೇಳಿದವರಿಗೆ. ಪಾಸ್‌ಪೋರ್ಟ್‌ನಲ್ಲಿ ವೀಸಾ ಅಂಟಿಸಿ ಕೊಟ್ಟಿದ್ದರು, ಜೊತೆಗೆ ಒಂದು ಪತ್ರ. ಅಸಲಿ ವರ್ಕ್ ಪರ್ಮಿಟ್ ಪ್ರಿಂಟ್ ಮಾಡಿ ಕೊಡೋದು ಇಲ್ಲಿ ಇಳಿದ ಮೇಲೆ. ಲೈನ್‌ನಲ್ಲಿ ನನ್ನ ಮುಂದೆ ಇದ್ದವನನ್ನು ಅರ್ಧ ಗಂಟೆ ಕೇಳಿದರು. ನನ್ನ ಸರದಿ ಬಂದಾಗ ಬಾಯಿ ಒಣಗಿತ್ತು. ಅಧಿಕಾರಿ ಕಂಪ್ಯೂಟರ್ ನೋಡ್ತಾನೇ ‘ಮೊದಲು ಅರ್ಜಿ ಹಾಕಿದ್ದೆಯಾ’ ಅಂದರು. ಹೌದು ಸರ್, 2023, ಸ್ಟಡಿ ಪರ್ಮಿಟ್, ಸಿಗಲಿಲ್ಲ ಅಂದೆ. ಯಾಕೆ ಅಂದರು. ಆಸ್ತಿ ಕಾಗದ ಸರಿಯಾಗಿ ವಿವರಿಸಿರಲಿಲ್ಲ, ಈ ಸಲ ವಿವರಿಸಿದ್ದೇನೆ ಅಂದೆ. ತಲೆ ಆಡಿಸಿದರು. ಅಷ್ಟೇ! ಐದು ತಿಂಗಳು ನಿದ್ದೆಗೆಟ್ಟದ್ದು ಈ ಎರಡು ಪ್ರಶ್ನೆಗೆ. ಆಮೇಲೆ ಏನು ಅಡುಗೆ ಮಾಡ್ತೀಯ ಅಂತ ಕೇಳಿದರು, ಅದಕ್ಕೇ ಜಾಸ್ತಿ ಹೊತ್ತು ಹೋಯ್ತು.

ಪರ್ಮಿಟ್ ಕೈಗೆ ಬಂದಾಗ ಅಲ್ಲೇ ನಿಂತು ಓದಿದೆ. ಊರಿನ ಹೆಸರು ಬೇರೆ ಬಿದ್ದಿತ್ತು. ಹೇಳಿದೆ, ಸರಿ ಮಾಡಿ ಕೊಟ್ಟರು.

ಅರಪಟ್ಟು_ಅಕ್ಕ
ಕಣ್ಣಲ್ಲಿ ನೀರು ಬಂತು ತಮ್ಮಾ. ಅಪ್ಪನಿಗೆ ದಿನಾ ಫೋನ್ ಮಾಡು.

ಫಾರಂ_ಓದುವವ
ಪರ್ಮಿಟ್ ಆ ಒಬ್ಬ ಮಾಲೀಕರಿಗೆ ಮಾತ್ರ, ಬೇರೆ ಕಡೆ ಸೈಡ್ ಕೆಲಸ ಬೇಡ. ಮುಗಿಯೋ ದಿನಾಂಕ ಗೋಡೆ ಮೇಲೆ ಬರೆದಿಡಿ.

ಕುಶಾಲನಗರ_ಸೊಸೆ
ಖುಷಿ ಆಯ್ತು. ನಮ್ಮ ನಾದಿನಿ ‘ಇಲ್ಲ’ ಅಂತಲೇ ಹಾಕಿದ್ದಾಳೆ. ಇನ್ನೂ ಏನೂ ಬಂದಿಲ್ಲ.

ಮಾಕುಟ್ಟ_ಚೆಕ್‌ಪೋಸ್ಟ್
ಅದೆಲ್ಲ ಸರಿ, ಕಾಚಂಪುಳಿ ಬಾಟಲಿ ತಗೊಂಡು ಹೋಗಿದ್ರಾ?

ಚೇರಂಬಾಣೆ_ಒಗ್ಗರಣೆ
ಅಮ್ಮ ಬಿಡ್ತಾರಾ? ಇದೆ ಅಂತ ಹೇಳಿ ಹೊರಗೆ ತೆಗೆದು ಇಟ್ಟೆ. ಆ ಮೇಡಂ ಮುಚ್ಚಳ ತೆಗೆದು ಮೂಸಿದರು. ಇಂಜಿನ್ ಆಯಿಲ್ ಥರ ಇದೆಯಲ್ಲ, ಇದೇನು ಅಂತ ಕೇಳಿದರು. ವಿನೆಗರ್ ಅಂದೆ. ಇನ್ನೊಂದು ಸಲ ಮೂಸಿ, ಮುಚ್ಚಳ ಗಟ್ಟಿ ತಿರುಗಿಸಿ, ಹೋಗು ಅಂದರು.